ಅಂಬಾರಿ ಆನೆಯ ಬಿರಡೆ

ಗಿರಿಜಾಂಬಾ ಅವರ ಬೆರಳು ಕೆಂಪಾಗಿತ್ತು. ಹಚ್ಚಿದ್ದು ಮಾತ್ರ ಅರಿಶಿನ.

೧೯೯೮ರ ನವರಾತ್ರಿಯ ಮೊದಲ ಬೆಳಗ್ಗೆ. ಯಾದವಗಿರಿಯ ಮನೆಯಲ್ಲಿ ಬೊಂಬೆಗಳ ಮೆಟ್ಟಿಲು ಸಿದ್ಧವಾಗಿತ್ತು. ಎರಡು ಗೇಣಿನ ಮರದ ಆನೆಯನ್ನು ಅವರು ಮಡಿಲಲ್ಲಿ ಮಗುಚಿಕೊಂಡಿದ್ದರು. ಆನೆಯ ಹೊಟ್ಟೆಯಲ್ಲೊಂದು ಗೂಡು, ಗೂಡಿಗೆ ಮರದ ಬಿರಡೆ, ಒಳಗೆ ಗಂಡನ ಬೆಳ್ಳಿ ಕರಡಿಗೆ. ಗಂಡ ಅದರಲ್ಲಿಟ್ಟು ಧರಿಸುತ್ತಿದ್ದ ಇಷ್ಟಲಿಂಗ ಅವರೊಂದಿಗೇ ಮಣ್ಣಿಗೆ ಹೋಗಿತ್ತು. ಈಕೆಗೆ ಉಳಿದದ್ದು ಕರಡಿಗೆ ಒಂದೇ. ಪ್ರತಿ ವರ್ಷ ಬಿರಡೆಗೆ ಕಲಸಿದ ಅರಿಶಿನ ಹಚ್ಚಿ, ಕಣ್ಣಿಗೊತ್ತಿಕೊಂಡ ಮೇಲೆಯೇ ಆನೆ ಮೆಟ್ಟಿಲೇರುವುದು.

ಈ ಸಲ ಹಚ್ಚಿದ ಅರಿಶಿನ ನೋಡನೋಡುತ್ತಲೇ ರಕ್ತದ ಬಣ್ಣಕ್ಕೆ ತಿರುಗಿತು.

"ಶಿವನೇ! ಏನಮ್ಮಾ ಇದು?" ಕೆಲಸದ ಪುಟ್ಟಲಿಂಗಮ್ಮ ಬೆಚ್ಚಿದಳು.

ಗಿರಿಜಾಂಬಾ ಎಳೆದರೂ ಬಿರಡೆ ಅಲುಗಲಿಲ್ಲ. ಸುತ್ತಲೂ ಏನನ್ನೋ ಮೆತ್ತಿ, ಆನೆಯದೇ ಬೂದುಬಣ್ಣಕ್ಕೆ ಹೊಂದಿಸಿದ್ದರು. ಚಾಕುವಿನ ತುದಿ ಬಾಗಿತು. ಕೊನೆಗೆ ಸುತ್ತಿಗೆಯ ಏಟಿಗೆ ಒಡೆಯಿತು.

ಗೂಡು ಬರಿದಾಗಿತ್ತು.

* * *

ಸಬ್ ಇನ್ಸ್‌ಪೆಕ್ಟರ್ ಮಂಜುಳಮ್ಮ ಚಪ್ಪಲಿ ಹೊರಗೆ ಬಿಟ್ಟು, ಬೊಂಬೆಗಳಿಗೆ ಕೈಮುಗಿದು, ಆಮೇಲೆ ಕೂತರು.

"ಯಾರು ಯಾರು ಮುಟ್ಟಿದ್ರಮ್ಮ?"

"ಇಲವಾಲದ ಜವರಪ್ಪ, ಹಳೇ ಬೊಂಬೆಗೆ ಹೊಸ ರೂಪ ಕೊಡೋನು. ಇದು ದಿಮ್ಮಿ ಎಳೆಯೋ ಆನೆಯಾಗಿತ್ತು. ಸೊಂಡಿಲು ಎತ್ತಿಸಿ, ಅಂಬಾರಿ ಕೂರಿಸಿಕೊಟ್ಟ. ಶುಕ್ರವಾರ ತಂದಾಗ ಅವನ ಎದುರಿಗೇ ಕರಡಿಗೆ ಇಟ್ಟೆ. ಬಿರಡೆ ಹಾಕಿದ್ದೂ ಅವನೇ. ಶನಿವಾರ ಬಣ್ಣ ತಿದ್ದೋಕೆ ಮತ್ತೆ ಬಂದಿದ್ದ."

"ಬೇರೆ?"

"ಈ ಪುಟ್ಟಲಿಂಗಮ್ಮ. ಅಟ್ಟದಿಂದ ಪೆಟ್ಟಿಗೆ ಇಳಿಸೋಕೆ ಮೈದುನ ಸಿದ್ದಲಿಂಗಸ್ವಾಮಿ ಶನಿವಾರ ಸಂಜೆ ಎರಡು ಸಲ ಬಂದುಹೋದ. ಅವನು ಮನೆಯವನೇ ಬಿಡಿ."

ಕಾನ್‌ಸ್ಟೆಬಲ್ ರಾಮಯ್ಯ ಟೋಪಿ ಸರಿಮಾಡಿಕೊಂಡ. "ಇನ್ನೇನು ಮೇಡಂ, ಅಂಟು ಹಾಕೋನೇ ಅಂಟು ಹಾಕವ್ನೆ. ಸಂಜೆಗೆ ಒಳಗೆ ಹಾಕ್ಬುಡೋಣ."

ಬೀದಿ ಅಷ್ಟರಲ್ಲೇ ತೀರ್ಪು ಕೊಟ್ಟಾಗಿತ್ತು. ಎದುರುಮನೆಯವರು ಜವರಪ್ಪನಿಗೆ ಕೊಟ್ಟಿದ್ದ ಬೊಂಬೆಗಳನ್ನು ವಾಪಸು ತರಲು ಆಳು ಕಳಿಸಿದ್ದರು. ಮನೆ ಮನೆಯ ದೇವರ ಮುಂದೆ ಕೂತು ಕೆಲಸ ಮಾಡುವವನಿಗೆ ಕಳ್ಳನೆಂಬ ಹೆಸರು ಬಂದರೆ ಮುಂದೆ ಯಾವ ಬಾಗಿಲು ತೆರೆದೀತು?

ಒಡೆದ ಚೂರುಗಳನ್ನು ಮಂಜುಳಮ್ಮ ಕಾಗದದಲ್ಲಿ ಸುತ್ತಿಕೊಂಡರು. "ಸಂಜೆಗೆ ಇನ್ನೂ ಹೊತ್ತಿದೆ, ರಾಮಯ್ಯ."

* * *

ಇಲವಾಲದ ಹೆಂಚಿನ ಮನೆ. ಜಗಲಿಯ ತುಂಬ ಕೈಯಿಲ್ಲದ ಕೃಷ್ಣರು, ತಲೆಯಿಲ್ಲದ ಸಿಪಾಯಿಗಳು.

"ಸಂದಿಗೆ ಏನು ತುಂಬ್ತೀರಿ ಜವರಪ್ಪ?"

"ಕಳ್ಳನ್ನ ಕೇಳೋ ಮಾತಾ ಅಮ್ಮಾವ್ರೇ ಇದು?"

"ಕೆಲಸಗಾರನ್ನ ಕೇಳ್ತಿದೀನಿ."

ಮುದುಕನ ಬಿಗಿದ ಮುಖ ಸ್ವಲ್ಪ ಸಡಿಲವಾಯಿತು. ಅಂಟು ಕಲಸಿಟ್ಟಿದ್ದ ತೆಂಗಿನ ಚಿಪ್ಪುಗಳನ್ನು ಒಂದೊಂದಾಗಿ ಮುಂದೆ ತಳ್ಳಿದ. "ದೊಡ್ಡ ಸಂದಿಗೆ ಹುಣಸೆಬೀಜ ಅರೆದು ಕಾಯ್ಸಿದ ಸರಿ, ಮರದಪುಡಿ. ಬೀಜ ಮನೇದು, ಪುಡಿ ಮಿಲ್‌ನೋರು ಸುಮ್ಕೆ ಕೊಡ್ತಾರೆ. ಕೂದಲಂಥ ಬಿರುಕಿಗೆ ಸೀಮೆಸುಣ್ಣದ ಪುಡಿ, ಬಡಗಿಗಳ ವಜ್ರದ ಅಂಟು. ಸೊಂಡಿಲ ಕೀಲಿಗೆ ಮಾತ್ರ ಎಂ-ಸೀಲು. ಅದಕ್ಕೆ ಕಾಸು ಜಾಸ್ತಿ, ಚಿಟಿಕೆಯಷ್ಟೇ ಮುರ್ಕೊಳ್ಳೋದು. ಮೇಣ ತುಂಬಿದ್ರೆ ದೀಪದ ಬಿಸಿಗೆ ಬೆವರ್ತದೆ."

"ಬಿರಡೆ ಸುತ್ತ?"

"ಅದಕ್ಕೇನೂ ಇಲ್ಲ. ತೆಗೆದು ಹಾಕೋ ಬಾಗಿಲಿಗೆ ಯಾರಾದ್ರೂ ಗಾರೆ ಮೆತ್ತಾರಾ?"

ಮಂಜುಳಮ್ಮ ಒಳಗಿನಿಂದ ಅರಿಶಿನ ತರಿಸಿ ಕಲಸಿದರು. ಹುಣಸೆಬೀಜದ ಮೆತ್ತೆಗೆ ಹಚ್ಚಿದರು. ಹಳದಿ. ಎಂ-ಸೀಲಿಗೆ ಹಚ್ಚಿದರು. ಹಳದಿ. ಸೀಮೆಸುಣ್ಣಕ್ಕೂ ಹಚ್ಚಿದರು. ಹೆಸರಲ್ಲಿ ಸುಣ್ಣವಿದ್ದರೂ ಅದೂ ಹಳದಿಯೇ.

ಕಾಗದ ಬಿಚ್ಚಿ ಚೂರು ತೋರಿಸಿದರು. ಜವರಪ್ಪ ಉಗುರಿನಿಂದ ಕೆರೆದ, ಕಿವಿಯ ಹತ್ತಿರ ಹಿಡಿದು ತಟ್ಟಿದ.

"ನನ್ನ ಕೈದಲ್ಲ. ಮಳೆಗೆ ಮರ ಉಬ್ತದೆ, ಬಿಸಿಲಿಗೆ ಕುಗ್ತದೆ. ಇದು ಒಂದು ಕೂದ್ಲೂ ಬಗ್ಗಲ್ಲ. ಮರದ ಗುಣ ಗೊತ್ತಿಲ್ದೋನು ಮಾಡವ್ನೆ."

"ನಮ್ಮ ಜೊತೆ ಬನ್ನಿ," ಎಂದರು ಮಂಜುಳಮ್ಮ.

ಜವರಪ್ಪನ ಹೆಂಡತಿ ಬಾಗಿಲು ಹಿಡಿದು ನಿಂತಳು. "ಹಬ್ಬದ ದಿನ ಕರ್ಕೊಂಡೋಯ್ತೀರಾ?"

"ಹಬ್ಬದ ದಿನವೇ ಕಳಿಸಿಕೊಡ್ತೀನಿ ಕಣಮ್ಮ."

* * *

ಯಾದವಗಿರಿಗೆ ಮರಳಿದರು. ಪುಟ್ಟಲಿಂಗಮ್ಮ ಎಲೆ ಮಡಿಸುತ್ತಿದ್ದಳು.

"ಏನಮ್ಮಾ, ಆರತಿ ನೀರು ಕೆಂಪು ಮಾಡೋಕೆ ಏನು ಹಾಕ್ತೀಯ?"

"ಅದೂ ಗೊತ್ತಿಲ್ವಾ? ಅರಿಶಿನಕ್ಕೆ ಚೂರು ಸುಣ್ಣ."

ರಾಮಯ್ಯ ಅವಳ ಸುಣ್ಣದ ಡಬ್ಬಿ ಕಿತ್ತುಕೊಂಡ. "ಸಿಕ್ಕಿಬಿದ್ಲು ಮೇಡಂ!"

"ಅಯ್ಯೋ ನಿನ್ನ ಮೀಸೆ ಬೋಳ್ಸ! ಸುಣ್ಣ ಇರೋರೆಲ್ಲ ಕಳ್ರಾದ್ರೆ ನಿನ್ನ ಹೆಂಡ್ತಿ ಬಾಯೂ ನೋಡ್ಕೋ ಹೋಗು!"

ಮಂಜುಳಮ್ಮ ನಗಲಿಲ್ಲ. "ಸುಣ್ಣ ಒಣಗಿದ್ರೆ ಉಗುರಿಗೆ ಉದುರುತ್ತೆ. ಇದು ಚಾಕು ಬಗ್ಗಿಸಿದೆ. ಸುಣ್ಣದ ಖಾರ ಇರಬೇಕು, ಕಲ್ಲಿನ ಗಟ್ಟಿ ಇರಬೇಕು. ಅಮ್ಮಾ, ನಿಮ್ಮವರಲ್ಲಿ ಯಾರಾದ್ರೂ ಮನೆ ಕಟ್ತಿದಾರಾ?"

ಗಿರಿಜಾಂಬಾ ತಡೆದು ಹೇಳಿದರು. "ಸಿದ್ದಲಿಂಗ. ವಿಜಯನಗರದಲ್ಲಿ. ವಿಜಯದಶಮಿಗೆ ಗೃಹಪ್ರವೇಶ."

* * *

ಹೊಸ ಮನೆಯಲ್ಲಿ ಸಿದ್ದಲಿಂಗಸ್ವಾಮಿ ಅತ್ತಿಗೆಯನ್ನೂ ಪೊಲೀಸರನ್ನೂ ಕಂಡು ನಕ್ಕರು. ಜವರಪ್ಪನನ್ನು ಕಂಡು ನಗು ನಿಂತಿತು. "ಇವನನ್ಯಾಕೆ ಕರ್ಕೊಂಡು ಬಂದ್ರಿ ಅತ್ತಿಗೆ?"

ಮಂಜುಳಮ್ಮ ಬಚ್ಚಲುಮನೆಗೆ ನಡೆದರು. ಬಿಳಿ ಟೈಲ್ಸು, ಸಂದಿಯಲ್ಲಿ ಬಿಳಿ ಸಿಮೆಂಟು. ಮೂಲೆಯ ಚೀಲದ ಹಿಂದೆ ಒಂದು ತೆಂಗಿನ ಚಿಪ್ಪು. ಅದರೊಳಗೆ ಗಟ್ಟಿಯಾದ ಬೂದುಬಣ್ಣದ ಉಂಡೆ.

"ಇಡೀ ಮನೆಗೆ ಬಿಳಿ ಸಂದಿ. ಬಿಳಿ ಸಿಮೆಂಟಿಗೆ ಕಪ್ಪು ಸೇರಿಸಿ ಆನೆ ಬಣ್ಣ ಮಾಡಿದ್ದು ಯಾತಕ್ಕೆ ಸ್ವಾಮಿ?"

ಮಂಜುಳಮ್ಮ ಒಡೆದ ಚೂರನ್ನು ಆ ಉಂಡೆಯ ಪಕ್ಕದಲ್ಲಿ ಹಿಡಿದರು.

"ಕರಡಿಗೆ ತೆಗೆಯುವಾಗ ಬಿರಡೆಯ ಅಂಚು ಮುರೀತು. ತುಂಬಿ ಮುಚ್ಚಿದ್ರೆ ರಿಪೇರಿಯವನೇ ಮುಚ್ಚಿದ ಅಂದ್ಕೋತಾರೆ. ಸುಲಭಕ್ಕೆ ಸಿಕ್ಕಿದ್ದು ಈ ಮನೆ ಸಿಮೆಂಟು, ಕಲಸ್ಕೊಂಡು ಎರಡನೇ ಸಲ ಬಂದ್ರಿ. ನೋಡೋಕೆ ಚೆನ್ನಾಗೇ ಕೂತಿತ್ತು. ಆದ್ರೆ ಬಿರಡೆಗೆ ಅರಿಶಿನ ಹಚ್ಚೋದು ಹೆಂಗಸರ ಪೂಜೆ. ನೀವದನ್ನ ಒಂದು ವರ್ಷವೂ ನೋಡಿಲ್ಲ. ಹಸಿ ಅರಿಶಿನಕ್ಕೆ ಹೊಸ ಸಿಮೆಂಟು ತಾಗಿದ್ರೆ ಸುಣ್ಣ ತಾಗಿದ ಹಾಗೇ ಕೆಂಪು."

ಸಿದ್ದಲಿಂಗಸ್ವಾಮಿ ದೇವರ ಗೂಡಿನ ಕಡೆ ನೋಡಿದರು. ಅಷ್ಟೇ ಸಾಕಾಯಿತು. ಹೊಸ ಪಂಚೆಯ ಮಡಿಕೆಯಲ್ಲಿ ಕರಡಿಗೆ ಇತ್ತು.

"ಅಣ್ಣನದು. ಮಠಕ್ಕೆ ಕೊಟ್ಬಿಡ್ತೀನಿ ಅಂದ್ರಿ ಅತ್ತಿಗೆ. ಅಣ್ಣನ ಗುರುತು ನನ್ನ ಮನೇಲಿ ಇರಲಿ ಅಂತ..."

"ಕೇಳಿದ್ದಿದ್ರೆ ಬೈತಿದ್ದೆ," ಎಂದರು ಗಿರಿಜಾಂಬಾ. "ಬೈಸ್ಕೊಳ್ಳೋಕೆ ಆಗದೆ ಈ ಮುದುಕನ ತಲೆಗೆ ಕಟ್ಟಿದೆಯಾ?"

ರಾಮಯ್ಯ ಸಿದ್ದಲಿಂಗಸ್ವಾಮಿಯ ತೋಳು ಹಿಡಿದ. ಜವರಪ್ಪನ ಮುಖ ನೋಡಲು ಮಾತ್ರ ಅವನಿಗಾಗಲಿಲ್ಲ.

* * *

ಇಳಿಹೊತ್ತಿನಲ್ಲಿ ಗಿರಿಜಾಂಬಾ ಬೀದಿಗೆ ಕಾಣುವ ಹಾಗೆ ಜಗಲಿಯಲ್ಲೇ ಚಾಪೆ ಹಾಸಿದರು. ಎದುರುಮನೆಯವರನ್ನೂ ಕರೆದರು. ಜವರಪ್ಪ ಉಳಿದ ಸಿಮೆಂಟು ಕೆತ್ತಿ ತೆಗೆದು, ಹೊಸ ಬಿರಡೆ ಕೆತ್ತಿ, ಗೂಡಿನ ಮುರಿದ ಅಂಚಿಗೆ ಹುಣಸೆಬೀಜದ ಸರಿ, ಮರದಪುಡಿ ಮೆತ್ತಿ ನುಣುಪು ಮಾಡಿದ.

ಗಿರಿಜಾಂಬಾ ಕರಡಿಗೆಯನ್ನು ಅವನ ಕೈಗೇ ಕೊಟ್ಟರು. ಅವನು ಕಣ್ಣಿಗೊತ್ತಿಕೊಂಡು ಒಳಗಿಟ್ಟು, ಬಿರಡೆ ಹಾಕಿದ.

ಅವರು ಅರಿಶಿನ ಹಚ್ಚಿದರು. ಎಲ್ಲರೂ ಬಗ್ಗಿ ನೋಡಿದರು.

ಹಳದಿ ಹಳದಿಯಾಗಿಯೇ ಉಳಿಯಿತು.