ಬಿಸಿಲಲ್ಲಿ ಬೆಂದ ಅನ್ನ

“ಚಾರ್ಟ್ ಪ್ರಮಿತಾಗ ಬಿಡು. ಅಕಿ ಮನ್ಯಾಗ ಕುಂತು ಮಾಡ್ತಾಳ,” ಎಂದಳು ಉಮಾದೇವಿ.

“ಹೂಂ, ಅದೇ ಛಲೋ. ಒಲಿ ನಾವಿಬ್ರು ನಮ್ಮ ಮಾಳಗಿ ಮ್ಯಾಲ ಮಾಡ್ತೀವಿ,” ಎಂದಳು ಚಾಂದಬೀ.

ಪ್ರಮಿತಾ ಇಬ್ಬರ ನಡುವೆಯೇ ಕೂತಿದ್ದಳು. ಆದರೂ ಅವಳನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಶಹಾಬಾದಿನ ಆ ಶಾಲೆಯಲ್ಲಿ ಮುಂದಿನ ವಾರ ವಿಜ್ಞಾನ ಪ್ರದರ್ಶನ. ಆರನೇ ಕ್ಲಾಸಿನ ಗುರುಲಿಂಗಯ್ಯ ಸರ್ ಮೂರು ಮೂರು ಮಕ್ಕಳ ಗುಂಪು ಮಾಡಿದ್ದರು. ಒಂದು ಗುಂಪಿಗೆ ಡಬ್ಬಿಯಲ್ಲಿ ಗೋಬರ್ ಗ್ಯಾಸ್, ಒಂದು ಗುಂಪಿಗೆ ಗಾಳಿ ಪಂಖ, ಈ ಗುಂಪಿಗೆ ಸೂರ್ಯನ ಒಲೆ. “ಅಂಗಡಿಯಿಂದ ಏನೂ ತರಂಗಿಲ್ಲ ನೋಡ್ರಿ. ಕಸಕ್ಕ ಹೋಗೋ ಸಾಮಾನಿನ್ಯಾಗ ಮಾಡಬೇಕು,” ಎಂದು ಸರ್ ಮೊದಲೇ ಹೇಳಿಬಿಟ್ಟಿದ್ದರು.

“ನಾನೂ ಬರ್ತೀನಿ, ಒಲಿ ಮಾಡ್ಲಿಕ್ಕೆ,” ಎಂದಳು ಪ್ರಮಿತಾ ಮೆಲ್ಲಗೆ.

“ಬ್ಯಾಡವಾ,” ಎಂದಳು ಚಾಂದಬೀ. “ಅದರಾಗ ಅನ್ನ ಮಾಡಿ ನೋಡ್ತೀವಿ. ಅಕ್ಕಿ ನಮ್ಮನಿದು, ಬೋಗಾಣಿ ನಮ್ಮನಿದು. ಸುಮ್ಮ ನಿಮ್ಮಜ್ಜಿ ನಿನಗ ಬೈತಾಳ.”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಮನೆಗೆ ಬಂದ ದೊಡ್ಡವರ ಜೊತೆ ಮಾತಾಡುವಂತೆ ಹೇಳಿದ್ದಳು. ಸಿಟ್ಟು ಮಾಡಿದರೆ ತಿರುಗಿ ಜಗಳವಾದರೂ ಆಡಬಹುದು. ಮರ್ಯಾದೆ ಕೊಟ್ಟರೆ ಏನು ಮಾಡುವುದು?

ತಪ್ಪು ಪ್ರಮಿತಾಳದೂ ಇತ್ತು ಅನ್ನಿ. ಮಳೆಗಾಲದಲ್ಲಿ ಅವಳು ಹೊಸದಾಗಿ ಶಾಲೆಗೆ ಸೇರಿದಾಗ ಚಾಂದಬೀ ತನ್ನ ಡಬ್ಬಿ ತೆರೆದು, ಜೋಳದ ರೊಟ್ಟಿ ಮುರಿದು, ಮೇಲಿಷ್ಟು ಖಾರದ ಶೇಂಗಾ ಹಿಂಡಿ ಹಾಕಿ ಮುಂದೆ ಹಿಡಿದಿದ್ದಳು. ಪ್ರಮಿತಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, “ಬ್ಯಾಡ, ಅಜ್ಜಿ ಬೈತಾಳ,” ಅಂದಿದ್ದಳು. ಅಷ್ಟೇ. ಆಮೇಲೆ ಅವಳಿಗೆ ಯಾರೂ ಏನೂ ಕೊಡಲಿಲ್ಲ. ಕುಂಟಾಟಕ್ಕೂ ಕರೆಯಲಿಲ್ಲ, ಹುಣಸೆಕಾಯಿ ಕದಿಯಲಿಕ್ಕೂ ಕರೆಯಲಿಲ್ಲ. ಊಟದ ಬಿಡುವಿನಲ್ಲಿ ಅವಳು ನಲ್ಲಿಯ ಹತ್ತಿರದ ಕಟ್ಟೆಯ ಮೇಲೆ ಒಬ್ಬಳೇ ಕೂತು ಉಣ್ಣುತ್ತಿದ್ದಳು.

ಮನೆಯಲ್ಲೂ ಅದೇ ಪಾಡು. ಅಮ್ಮ ಹೆರಿಗೆಗೆಂದು ಸೇಡಂನ ತವರಿಗೆ ಹೋಗಿದ್ದಳು. ಅಪ್ಪ ವಾಡಿ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಕೆಲಸ ಮುಗಿಸಿ ಬರುವಷ್ಟರಲ್ಲಿ ಅವಳಿಗೆ ನಿದ್ದೆ. ಉಳಿದವಳು ಅಜ್ಜಿ ಸರಸ್ವತಿಬಾಯಿ. ಅಜ್ಜಿ ಮಡಿಯಲ್ಲಿದ್ದಾಗ ಮುಟ್ಟುವಂತಿಲ್ಲ, ಮಡಿಯಲ್ಲಿ ಇಲ್ಲದ ಹೊತ್ತು ಬಹಳ ಕಡಿಮೆ.

ಅವತ್ತು ಸಂಜೆ ಪ್ರಮಿತಾ ಪಡಸಾಲೆಯಲ್ಲಿ ಡ್ರಾಯಿಂಗ್ ಶೀಟ್ ಹಾಸಿ ಕೂತಳು. ಹಳೆಯ ಕ್ಯಾಲೆಂಡರಿನ ಹಿಂಬದಿ ಅದು. ಕಟ್ಟಿಗೆ, ಕಲ್ಲಿದ್ದಲು, ಚಿಮಣಿ ಎಣ್ಣೆ ಇವು ಸುಟ್ಟರೆ ಮುಗಿಯುವಂಥವು. ಗಾಳಿ, ನೀರು, ಬಿಸಿಲು ಮುಗಿಯದಂಥವು. ಎಲ್ಲದರ ಚಿತ್ರ ಬರೆದು ಬಣ್ಣ ತುಂಬಿದಳು. ಸೂರ್ಯನಿಗೆ ಹಳದಿ ಹಚ್ಚುವಾಗ ಅವಳ ಕೈ ಗಕ್ಕನೆ ನಿಂತಿತು.

ಅಜ್ಜಿಯ ಲೆಕ್ಕ ಅವಳಿಗೆ ಬಾಯಿಪಾಠ. ನೀರು ಹಾಕಿ ಒಲೆಯ ಮೇಲೆ ಬೇಯಿಸಿದ್ದು ಮುಸುರೆ. ಕಂಡವರ ಮನೆಯ ಮುಸುರೆ ತಿನ್ನಬಾರದು. ಹಣ್ಣು, ಬೆಲ್ಲ, ಹಸಿ ಶೇಂಗಾ ಯಾರು ಕೊಟ್ಟರೂ ಅಡ್ಡಿಯಿಲ್ಲ. ಆದರೆ ಒಲೆಯೇ ಇಲ್ಲದೆ ಬೆಂದರೆ?

“ಅಜ್ಜಿ, ಬಿಸಲಾಗ ಬೆಂದದ್ದು ಮುಸುರಿ ಆಗ್ತದೇನು?”

ಅಜ್ಜಿ ಅಡುಗೆಮನೆಯೊಳಗಿಂದಲೇ ನಕ್ಕಳು. “ಹುಚ್ಚಿ! ಸೂರ್ಯನಾರಾಯಣಗ ಎಲ್ಲೀದು ಮೈಲಿಗಿ? ಹಪ್ಪಳ ಒಣಗಸ್ತೀವಿ, ಸಂಡಿಗಿ ಒಣಗಸ್ತೀವಿ. ಬಿಸಲು ಬಿದ್ದದ್ದಕ್ಕ ಮುಸುರಿ ಅಂತಾರೇನು ಯಾರರೆ?”

ಯಾರ ಮನೆ ಮಾಳಿಗೆಯ ಬಿಸಿಲು ಎಂದು ಅಜ್ಜಿ ಕೇಳಲಿಲ್ಲ. ಪ್ರಮಿತಾ ಹೇಳಲೂ ಇಲ್ಲ. ಜಾಣೆ!

ಮರುದಿನ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪ್ರಾರ್ಥನೆಯ ಗಂಟೆ ಹೊಡೆಯುವ ಮೊದಲೇ ಓಡಿಹೋಗಿ ಇಬ್ಬರನ್ನೂ ಹಿಡಿದಳು.

“ನಾ ಕೇಳಿದೆ! ಬಿಸಲಾಗ ಬೆಂದದ್ದು ನಡೀತದಂತ! ನಾನೂ ಬರ್ತೀನಿ, ನಿಮ್ಮ ಕೂಡ ಉಣ್ತೀನಿ!”

ಉಮಾದೇವಿ ಹಲ್ಲು ಕಿಸಿದಳು. ಚಾಂದಬೀ ನಗಲಿಲ್ಲ. ತನ್ನ ಪಾಟೀಚೀಲದ ಪಟ್ಟಿ ಎಳೆಯುತ್ತ ನಿಂತಳು.

“ಅಂದ್ರ, ನಮ್ಮಮ್ಮಿ ಒಲಿ ಮ್ಯಾಲ ಮಾಡಿದ್ದು ನಡ್ಯಾಂಗಿಲ್ಲ. ಬಿಸಲಾಗ ಬೆಂದ್ರ ನಡೀತದ. ಹಂಗೇನು?”

ಪ್ರಮಿತಾಗೆ ಇದು ಅರ್ಥವಾಗಲಿಲ್ಲ. ತಾನು ಎಷ್ಟು ಕಷ್ಟಪಟ್ಟು ದಾರಿ ಹುಡುಕಿದ್ದೇನೆ, ಇವಳು ಯಾಕೆ ಖುಷಿಪಡುತ್ತಿಲ್ಲ?

“ಹೋಗ್ಲಿ ಬಿಡಲೇ, ಬರ್ತೀನಿ ಅನ್ನಾಕತ್ತಾಳಲ್ಲ,” ಎಂದಳು ಉಮಾದೇವಿ.

“ಬಾ ಐತವಾರ,” ಎಂದಳು ಚಾಂದಬೀ. ಅಷ್ಟು ಹೇಳಿ ಸಾಲಿನಲ್ಲಿ ಮುಂದೆ ಹೋಗಿ ನಿಂತಳು.

ಚಾಂದಬೀಯ ಮನೆಯ ಎದುರಿಗೇ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಾಕುವ ಮಷೀನು. ಕಲ್ಲು ಉಜ್ಜಿದ ಬಿಳಿ ಕೆಸರು ದಾರಿಯ ಪಕ್ಕ ಗುಡ್ಡೆ ಬಿದ್ದು, ಒಣಗಿ, ಗಾಳಿ ಬಂದಾಗಲೆಲ್ಲ ಹಾರುತ್ತಿತ್ತು. ಆ ಓಣಿಯ ಬೇವಿನ ಗಿಡಕ್ಕೂ ಯಾರೋ ಸುಣ್ಣ ಬಳಿದಂತಿತ್ತು.

ಭಾನುವಾರ ಮಾಳಿಗೆಯ ಮೇಲೆ ಒಲೆ ತಯಾರಾಗಿ ಕೂತಿತ್ತು. ದೊಡ್ಡ ರಟ್ಟಿನ ಡಬ್ಬದೊಳಗೆ ಸಣ್ಣ ಡಬ್ಬ. ನಡುವೆ ಹರಕು ಬಟ್ಟೆಯ ಚೂರು, ರದ್ದಿ ಕಾಗದ. ಒಳಗೆಲ್ಲ ಪಾತ್ರೆಯ ತಳದ ಮಸಿ ಬಳಿದು ಕಪ್ಪು ಮಾಡಿದ್ದರು. ಮೇಲೆ ಹಳೆಯ ಫೋಟೋದ ಗಾಜು. ಬಿಸಿಲನ್ನು ಒಳಗೆ ತಳ್ಳಲು ಒಂದು ರಟ್ಟಿನ ಹಾಳೆ, ಅದರ ತುಂಬ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ.

“ಬಸ್‌ಸ್ಟ್ಯಾಂಡಿನ ಪಾನ್ ಅಂಗಡಿ ಮುಂದ ಆರಿಸಿದ್ದು. ಎಲ್ಲರೂ ನಮ್ಮನ್ನೇ ನೋಡ್ಲಿಕತ್ತಿದ್ರು,” ಎಂದು ಉಮಾದೇವಿ ಹೆಮ್ಮೆಯಿಂದ ಹೇಳಿದಳು.

ಇದೆಲ್ಲ ಪ್ರಮಿತಾ ಇಲ್ಲದೆ ನಡೆದದ್ದು. ಆದರೂ ಈಗ ಬಂದಿದ್ದಾಳಲ್ಲ! ಅಕ್ಕಿ, ಹೆಸರುಬೇಳೆ, ನೀರು ಹಾಕಿದ ಬೋಗಾಣಿಯನ್ನು ಒಳಗಿಟ್ಟು ಗಾಜು ಮುಚ್ಚಿದರು. ಗಾಜಿನ ಮೇಲೆ ಕೂತ ಕಲ್ಲಿನ ಧೂಳು ಒರೆಸುವ ಕೆಲಸ ಪ್ರಮಿತಾಗೆ ಸಿಕ್ಕಿತು. ಅವಳು ಎಷ್ಟು ಶ್ರದ್ಧೆಯಿಂದ ಒರೆಸಿದಳೆಂದರೆ ದೇವರ ಪಾತ್ರೆ ಕೂಡ ಅಷ್ಟು ಹೊಳೆದಿರಲಿಕ್ಕಿಲ್ಲ.

“ಬೆಂತೇನು?” ಉಮಾದೇವಿ ಗಾಜು ಎತ್ತಿದಳು.

“ತೆಗೀಬ್ಯಾಡ! ಒಳಗಿನ ಬಿಸಿ ಹೋಗ್ತದಂತ ಸರ್ ಹೇಳ್ಯಾರಲ್ಲ,” ಎಂದಳು ಚಾಂದಬೀ.

ಸ್ವಲ್ಪ ಹೊತ್ತಿಗೆ ಚಾಂದಬೀಯೇ ಎತ್ತಿ ನೋಡಿದಳು. ಆಮೇಲೆ ಮತ್ತೆ ಉಮಾದೇವಿ. ನಿಜ ಹೇಳಬೇಕೆಂದರೆ ಪ್ರಮಿತಾ ಕೂಡ ಧೂಳು ಒರೆಸುವ ನೆಪದಲ್ಲಿ ಒಂದೆರಡು ಸಲ ಎತ್ತಿದಳು. ಹಸಿದ ಹೊಟ್ಟೆಗೆ ವಿಜ್ಞಾನ ಎಲ್ಲಿ ತಿಳಿದೀತು! ಹೊತ್ತು ಇಳಿಯಿತು. ಬೇವಿನ ಗಿಡದ ನೆರಳು ಮಾಳಿಗೆಗೆ ಬಂತು. ಅನ್ನದ ಅಗಳು ಒತ್ತಿ ನೋಡಿದರೆ ನಡುವೆ ಇನ್ನೂ ಗಟ್ಟಿ.

ಅಷ್ಟರಲ್ಲಿ ಚಾಂದಬೀಯ ಅಮ್ಮಿ ಮೇಲೆ ಬಂದಳು. ಒಲೆಯ ಕಡೆ ನೋಡಿ, ಮೂವರ ಬಾಡಿದ ಮುಖ ನೋಡಿ, ನಕ್ಕುಬಿಟ್ಟಳು.

“ಸೂರ್ಯನ ಡ್ಯೂಟಿ ಮುಗೀತು ಬೇಟಾ. ಇನ್ನ ನನ್ನ ಡ್ಯೂಟಿ. ತರ್ರಿ ಕೆಳಗ, ಒಂದು ಕುದಿ ಬಂದ್ರ ಸಾಕು.”

ಬೋಗಾಣಿ ಕೆಳಗೆ ಹೋಯಿತು. ಕಟ್ಟಿಗೆಯ ಒಲೆ ಹೊತ್ತಿಕೊಂಡಿತು. ಪ್ರಮಿತಾ ಮೆಟ್ಟಿಲ ಮೇಲೆಯೇ ನಿಂತಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗಾಗಿತ್ತು.

ಚಾಂದಬೀ ಒಳಗೆ ಹೋಗಿ ಎರಡು ತಾಟು ತಂದು ಇಟ್ಟಳು. ಆಮೇಲೆ ಗೂಡಿನಿಂದ ಒಂದು ಬಾಳೆಹಣ್ಣು ತಂದು, ಸಿಪ್ಪೆ ಸುಲಿಯದೆ, ತುದಿ ಹಿಡಿದು ಪ್ರಮಿತಾಳ ಮುಂದೆ ಚಾಚಿದಳು.

“ತಗೋ. ಇದು ನಡೀತದಲ್ಲ ನಿನಗ? ನಿನಗಂತನೇ ತರ್ಸಿಟ್ಟಿದ್ದೆ.”

ಪ್ರಮಿತಾ ಹಣ್ಣು ತೆಗೆದುಕೊಂಡಳು. ಅನ್ನ ಬೇಯದಿದ್ದರೆ ಇವಳು ಏನು ತಿನ್ನುತ್ತಾಳೆ ಎಂದು ಚಾಂದಬೀ ಮೊದಲೇ ಯೋಚಿಸಿದ್ದಳು. ಮನಸ್ಸು ನೊಂದವಳು, ಆದರೂ ಯೋಚಿಸಿದ್ದಳು. ತಾನು ಮಾತ್ರ ಇವರ ಒಲೆಯ ಹತ್ತಿರ ಬರದೆಯೇ ಇವರ ಜೊತೆ ಉಣ್ಣುವುದು ಹೇಗೆ ಎಂದು ದಾರಿ ಹುಡುಕಿದ್ದಳು. ಪ್ರಮಿತಾಗೆ ಬಹಳ ನಾಚಿಕೆಯಾಯಿತು.

ಒಳಗೆ ಹಸಿ ಕಟ್ಟಿಗೆ ಹೊಗೆಯಾಡಿತು. ಅಮ್ಮಿಗೆ ಕೆಮ್ಮು ಹತ್ತಿತು. “ಚಿಮಣಿ ಎಣ್ಣಿ ಬೇರೆ ತೀರೇದ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಪ್ರಮಿತಾ ಹಣ್ಣನ್ನು ಗೂಡಿನಲ್ಲಿಟ್ಟು ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಊದುಗೊಳವೆ ಎತ್ತಿ ಬಾಯಿಗಿಟ್ಟು ಊದಿದಳು. ಮೊದಲ ಸಲ ಬೂದಿಯೆಲ್ಲ ಹಾರಿ ಅವಳ ಮುಖದ ಮೇಲೇ ಬಿತ್ತು. ಉಮಾದೇವಿ ಬಿದ್ದು ಬಿದ್ದು ನಕ್ಕಳು. ಎರಡನೇ ಸಲ ಉರಿ ಎದ್ದಿತು.

“ನನಗೊಂದು ತಾಟ ಕೊಡು,” ಎಂದಳು ಪ್ರಮಿತಾ.

ಚಾಂದಬೀ ಅಮ್ಮಿಯ ಮುಖ ನೋಡಿದಳು. ಅಮ್ಮಿ ಪ್ರಮಿತಾಳ ಮುಖ ನೋಡಿದಳು. “ಮನ್ಯಾಗ ಏನರೆ ಅಂದ್ರ?”

“ನಾ ಹೇಳ್ತೀನ್ರಿ ಅಜ್ಜಿಗೆ. ಸುಳ್ಳು ಹೇಳಂಗಿಲ್ಲ.”

ಅನ್ನಕ್ಕೆ ಹೊಗೆ ವಾಸನೆ ಹತ್ತಿತ್ತು, ಉಪ್ಪೂ ಕಡಿಮೆಯಿತ್ತು. ಮೂವರೂ ಬೋಗಾಣಿ ಕೆರೆದು ಉಂಡರು. ಮುಂದಿನ ಸಲ ಗಾಜಿನ ಅಂಚಿಗೆ ಕಲ್ಲು ಹೇರಿಡಬೇಕು, ಯಾರೂ ಎತ್ತಬಾರದು ಎಂದು ಮಾತಾಯಿತು. ಚಾಂದಬೀ ಓಣಿಯ ತುದಿಯವರೆಗೂ ಬಂದು ಬಿಟ್ಟುಹೋದಳು.

ಅಲ್ಲಿಂದ ಮುಂದೆ ಪ್ರಮಿತಾ ಒಬ್ಬಳೇ. ಮನೆ ಹತ್ತಿರ ಬಂದಷ್ಟೂ ನಡಿಗೆ ನಿಧಾನವಾಯಿತು.

ಅಜ್ಜಿ ಪಡಸಾಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದಳು. “ಆತೇನು ನಿಮ್ಮ ಸೂರ್ಯನ ಅಡಗಿ? ಉಂಡ್ಯಾ?”

“ಉಂಡೆ. ಆದ್ರ ಬಿಸಲಾಗ ಬೇಯಲಿಲ್ಲ ಅಜ್ಜಿ. ಒಲಿ ಮ್ಯಾಲ ಬೇಯಿಸಿದ್ವಿ. ಚಾಂದಬೀ ಮನ್ಯಾಗ. ನಾನೇ ಉರಿ ಊದಿದೆ.”

ಅಜ್ಜಿಯ ಕೈ ನಿಂತಿತು. ಬೈಯುತ್ತಾಳೆ ಎಂದು ಪ್ರಮಿತಾ ಕಾದಳು. ಅಜ್ಜಿ ಬೈಯಲಿಲ್ಲ. ಅದು ಬೈದದ್ದಕ್ಕಿಂತ ಕಷ್ಟವಾಗಿತ್ತು.

“ಹೋಗು, ತಲಿ ಮ್ಯಾಲ ನೀರು ಹಾಕ್ಕೊ. ಇವತ್ತ ಅಡಗಿಮನಿ ಒಳಗ ಕಾಲಿಡಬ್ಯಾಡ,” ಎಂದಷ್ಟೇ ಹೇಳಿ ಎದ್ದು ಒಳಗೆ ಹೋದಳು.

ಸ್ನಾನ ಮಾಡಿ ಬಂದಾಗ ದೀಪ ಹಚ್ಚಿಯಾಗಿತ್ತು. ಅಡುಗೆಮನೆಯೊಳಗೆ ಅಜ್ಜಿ ಫಲಾಹಾರಕ್ಕೆ ಕೂತಿದ್ದಳು. ಗೋಡೆಗೆ ಮುಖ, ಮುಂದೊಂದು ಬಟ್ಟಲು ಅವಲಕ್ಕಿ, ಒಂದು ಲೋಟ ಮಜ್ಜಿಗೆ. ಪ್ರಮಿತಾ ಹೊಸ್ತಿಲ ಈಚೆ ಕೂತಳು.



“ಅಜ್ಜಿ, ನೀ ಸಣ್ಣಾಕಿದ್ದಾಗ ನಿನ್ನ ಯಾರರೆ ಊಟಕ್ಕ ಕರೀತಿದ್ರೇನು?”

ಅಜ್ಜಿ ಹಿಂತಿರುಗಲಿಲ್ಲ. “ನಮ್ಮೂರು ದಂಡೋತಿಯೊಳಗ ಮರೆಮ್ಮ ಅಂತ ಇದ್ದಳು. ಹೊಳೀಗೆ ಕೂಡಿ ಹೋಗ್ತಿದ್ವಿ. ಒಂದು ಸಲ ಕರದಳು.”

“ಹೋಗಿದ್ಯಾ?”

“ಇಲ್ಲ.” ಅಜ್ಜಿ ಬಟ್ಟಲಲ್ಲಿ ಬೆರಳಾಡಿಸಿದಳು. “ಆಮ್ಯಾಲ ಅಕಿನೂ ಕರೀಲಿಲ್ಲ.”

ಪ್ರಮಿತಾ ಅಜ್ಜಿಯ ಬೆನ್ನು ನೋಡಿದಳು. ಅಜ್ಜಿ ದಿನಾಲೂ ಹೀಗೇ ಉಣ್ಣುತ್ತಿದ್ದಳು. ಮಡಿಯಲ್ಲಿ, ಒಬ್ಬಳೇ, ಗೋಡೆಯ ಕಡೆ ತಿರುಗಿ. ನಲ್ಲಿಯ ಕಟ್ಟೆಯ ಮೇಲೆ ಒಬ್ಬಳೇ ಡಬ್ಬಿ ತೆರೆದಾಗ ಊಟ ಹೇಗೆ ಸಪ್ಪೆಯಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅಜ್ಜಿಗೂ ಹಾಗಾಗುತ್ತಿರಬಹುದು ಎಂದು ಈವರೆಗೆ ಹೊಳೆದಿರಲಿಲ್ಲ.

“ಅನ್ನ ಛಂದಾಗಿತ್ತೇನು?” ಅಜ್ಜಿ ಸಣ್ಣ ದನಿಯಲ್ಲಿ ಕೇಳಿದಳು.

“ಹೊಗಿ ವಾಸನಿ ಬರ್ತಿತ್ತು. ಆದ್ರ ಛಂದಿತ್ತು.”

ಅಜ್ಜಿ ಬಟ್ಟಲನ್ನು ಎತ್ತಿಕೊಂಡು, ಗೋಡೆ ಬಿಟ್ಟು, ಸ್ವಲ್ಪ ಈ ಕಡೆ ತಿರುಗಿ ಕೂತಳು.

ಪ್ರಮಿತಾ ಹೊಸ್ತಿಲು ದಾಟಲಿಲ್ಲ. ಅಜ್ಜಿ ಮಜ್ಜಿಗೆ ಕುಡಿದು ಏಳುವವರೆಗೂ ಅಲ್ಲೇ ಕೂತಿದ್ದಳು.