ಅಂಬಾಸಿಡರಿನ ಹಿಂದಿನ ಸೀಟು

"ಸೀಟು ಹೊಲಿಯೋ ಸ್ವಾಮಣ್ಣನೋರ ಮನೆ ಇದೇ ತಾನೆ?"

ಆ ದನಿ ಕಿವಿಗೆ ಬಿದ್ದದ್ದೇ ತಡ, ಪವಿತ್ರಾಳ ಕೈಯಲ್ಲಿದ್ದ ದಬ್ಬಳ ರೆಕ್ಸಿನ್ ಬಿಟ್ಟು ಅವಳ ಬೆರಳಿಗೇ ಇಳಿಯಿತು. ತಲೆ ಎತ್ತಿ ನೋಡಿದಳು.

ಅವನೇ! ಪಿರಿಯಾಪಟ್ಟಣದ ಧರ್ಮೇಂದ್ರ!

ಹುಣಸೂರಿನ ಆ ಇಕ್ಕಟ್ಟು ಬೀದಿಗೆ ಒಂದು ಹಳೇ ಬಿಳಿ ಅಂಬಾಸಿಡರ್ ತಂದು ನಿಲ್ಲಿಸಿ, ಅಂಗಳದಲ್ಲಿ ನಾಚುತ್ತಾ ನಿಂತಿದ್ದ.

ಹೋದ ವರ್ಷ ಇದೇ ಮನೆಗೆ ಅವಳನ್ನು ನೋಡಲು ಬಂದವನು. ಮುಂದಿಟ್ಟ ಕೇಸರಿಬಾತಿನ ತಟ್ಟೆ ಮುಟ್ಟದೆ, ಒಂದು ಮಾತೂ ಆಡದೆ, ಅವ್ವ ಭದ್ರಮ್ಮನ ಹಿಂದೆ ಎದ್ದು ಹೋದವನು! ಹೆಣ್ಣಿನ ಮನೆಯ ಸಿಹಿ ಮುಟ್ಟದೆ ಎದ್ದರೆ ಹೆಣ್ಣು ಬೇಡವೆಂದು ಡಂಗುರ ಹೊಡೆಸಿದಂತೆಯೇ. ಸಾಲದ್ದಕ್ಕೆ ದಲ್ಲಾಳಿ ವೀರಭದ್ರಸ್ವಾಮಿ ಬಂದು, "ದಬ್ಬಳ ಹಿಡಿಯೋ ಹುಡುಗಿ, ಕೈ ಒರಟು ಅಂದ್ರು ಕಣವ್ವ" ಎಂದು ಗಾಯದ ಮೇಲೆ ಉಪ್ಪು ಸವರಿದ್ದ. ಆ ಮಾತು ಊರೂರು ಸುತ್ತಿ, ಆಮೇಲೆ ಬೇರೆ ಯಾವ ಗಂಡಿನ ಕಡೆಯವರೂ ಇತ್ತ ತಲೆ ಹಾಕಲಿಲ್ಲ.

"ಚೆನ್ನಾಗಿದೀರಾ?" ಧರ್ಮೇಂದ್ರ ಮೆಲ್ಲಗೆ ಕೇಳಿದ.

"ಯಾರು ನೀವು? ಗೊತ್ತಾಗಲಿಲ್ವಲ್ಲ..."

ಅವನ ಮುಖ ಸಪ್ಪಗಾಯಿತು. ಆಗಲಿ! ಅವಳಿಗೂ ಅವತ್ತು ಹೀಗೇ ಆಗಿತ್ತು.

"ಇದು ನಮ್ಮ ತಾತನ ಗಾಡಿ. ಸೀಟೆಲ್ಲ ಕಿತ್ತೋಗವೆ. ಹೊಸದಾಗಿ ಮಾಡ್ಕೊಡಬೇಕಿತ್ತು... ಮದುವೆಗೆ."

"ಯಾರ ಮದುವೆಗೆ?"

"ನಂದೇ."

ಪವಿತ್ರಾಳ ಎದೆಯಲ್ಲಿ ಬೆಂಕಿ ಬಿತ್ತು. ನನ್ನ ಬಾಳಿಗೆ ಕಲ್ಲು ಹಾಕಿ, ಇನ್ಯಾರನ್ನೋ ಕೂರಿಸಿಕೊಂಡು ಮೆರೆಯೋಕೆ ನನ್ನ ಕೈಯಲ್ಲೇ ಸೀಟು ಹೊಲಿಸ್ತೀಯಾ?

ಕಣ್ಣಿನ ಪೊರೆ ತೆಗೆಸಿಕೊಂಡು ಕಪ್ಪು ಕನ್ನಡಕದಲ್ಲಿ ಒಳಗೆ ಮಲಗಿದ್ದ ಅಪ್ಪ ಕೂಗಿದ. "ಯಾರವ್ವ ಅದು?"

"ಯಾರೋ ಗಿರಾಕಿ ಕಣಪ್ಪ!" ಎಂದವಳೇ ಇತ್ತ ತಿರುಗಿ ನಕ್ಕಳು. "ಮಾಡ್ಕೊಡ್ತೀನಿ ಬುಡಿ. ಮದುವೆ ದಿನ ಮರೆಯೋಕಾಗಬಾರದು, ಅಂಗೆ ಮಾಡ್ಕೊಡ್ತೀನಿ."

ಆ ನಗುವಿನ ಅರ್ಥ ಗೊತ್ತಿದ್ದರೆ ಧರ್ಮೇಂದ್ರ ಅಂಬಾಸಿಡರ್ ಹತ್ತಿ ಒಂದೇ ಉಸಿರಿಗೆ ಊರು ಸೇರುತ್ತಿದ್ದ. ಪಾಪ, ಗಂಡಸರಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು!

ಸೇಡು ಮರುದಿನದಿಂದಲೇ ಶುರುವಾಯಿತು.

"ಸೀಟೊಳಗಿನ ತೆಂಗಿನ ನಾರು ಗಂಟುಗಟ್ಟೈತೆ. ಅದನ್ನ ಗಾಡಿಯೋರೇ ಬಿಡಿಸಿಕೊಡಬೇಕು, ನಮ್ಮಲ್ಲಿ ಅಂಗೇ" ಎಂದು ಸುಳ್ಳು ಹೇಳಿದಳು. ಅವನು ನಂಬಿದ! ದಿನಾ ಬಂದು ಅಂಗಳದಲ್ಲಿ ಕೂತು ನಾರು ಬಿಡಿಸಿದ. ಹಳೇ ಧೂಳಿಗೆ ಸೀನಿ ಸೀನಿ ಮೂಗು ಕೆಂಪಾಯಿತು, ಅಂಗೈ ತರಚಿತು. ಒಮ್ಮೆಯಾದರೂ ಗೊಣಗಲಿಲ್ಲ. ಅವಳು ಬೇರೆ ಕಡೆ ನೋಡುವಾಗ ಕದ್ದು ಅವಳನ್ನೇ ನೋಡುತ್ತಿದ್ದ. ಅದು ಅವಳಿಗೂ ಗೊತ್ತಾಗುತ್ತಿತ್ತು.

'ಬೇರೆಯವಳನ್ನ ಕಟ್ಟಿಕೊಳ್ಳೋನಿಗೆ ಇಲ್ಲೇನು ನೋಟ? ನನಗಾದ್ರೂ ಯಾಕೆ ಮುಖ ಬಿಸಿಯಾಗಬೇಕು? ಹಾಳಾದ ಮನಸ್ಸು!'

ತನ್ನ ಮೇಲಿನ ಸಿಟ್ಟನ್ನೂ ಅವಳು ಅವನ ಲೆಕ್ಕಕ್ಕೇ ಸೇರಿಸಿದಳು.

ಹಿಂದಿನ ಸೀಟಿನೊಳಗೆ ಸಾಲಾಗಿ ಸ್ಪ್ರಿಂಗುಗಳಿರುತ್ತವೆ. ಒಂದೊಂದನ್ನೂ ಅದುಮಿ ಹಿಡಿದು ಹುರಿಯಿಂದ ಬಿಗಿದು ಕಟ್ಟಬೇಕು. ಕಟ್ಟದೆ ಬಿಟ್ಟರೆ, ಮೇಲೆ ನಾರು, ಗೋಣಿಬಟ್ಟೆ, ರೆಕ್ಸಿನ್ ಎಷ್ಟೇ ಚಂದ ಹೊದಿಸಿದರೂ ಗಾಡಿ ಸ್ವಲ್ಪ ಕುಲುಕಿದರೆ ಸಾಕು, ತಂತಿ ಎದ್ದು ಕೂತವರಿಗೆ ಚುಚ್ಚುತ್ತದೆ. ಮದುಮಗ ಕೂರುವ ಬಲಗಡೆಯ ಸ್ಪ್ರಿಂಗನ್ನು ಅವಳು ಕಟ್ಟಲಿಲ್ಲ. ಪೇಟ ಬಾಸಿಂಗದ ಸಮೇತ ಅವನು ಅವ್ವಾ ಎಂದು ಹಾರುವುದನ್ನು ನೆನೆದು ಒಬ್ಬಳೇ ನಕ್ಕಳು. ಆಹಾ, ಎಷ್ಟು ದಿನಗಳ ಮೇಲೆ ಬಂದ ನಗು!

"ಹುಡುಗಿ ಯಾವೂರು?" ಒಂದು ದಿನ ತಡೆಯಲಾರದೆ ಕೇಳಿಬಿಟ್ಟಳು.

"ಹುಣಸೂರೇ."

"ಎಂಗವಳೆ?"

ಅವನು ನಾರು ಪಕ್ಕಕ್ಕಿಟ್ಟ. "ಬಾಯಿ ಜೋರು ಕಣ್ರೀ. ಮೂಗಿನ ತುದೀಲೇ ಸಿಟ್ಟು. ಆದ್ರೆ ಅವಳು ಕೆಲಸ ಮಾಡೋದು ನೋಡ್ತಾ ಕೂತ್ರೆ ಹೊತ್ತೋಗೋದೇ ಗೊತ್ತಾಗಲ್ಲ..."

ಸಿಟ್ಟಿಗೆ ಕಣ್ಣಿಲ್ಲ ಅನ್ನುವುದು ಸುಳ್ಳಲ್ಲ. ಅವನು ಅತ್ತ ಹೋದ ಮೇಲೆ ಪವಿತ್ರಾ ಕಣ್ಣೊರೆಸಿಕೊಂಡು, ಮದುಮಗಳು ಕೂರುವ ಎಡಗಡೆಯ ಹುರಿಯನ್ನೂ ಕತ್ತರಿಸಿ ಹಾಕಿದಳು. 'ಅವಳಿಗೂ ಚುಚ್ಚಲಿ!'

ಕೆಲಸ ಮುಗಿಯಿತು. ಸೀಟು ಗಾಡಿಯೊಳಗೆ ಕೂತಿತು. ಕುಂಕುಮ ಬಣ್ಣದ ರೆಕ್ಸಿನ್ ಬಿಸಿಲಿಗೆ ಮಿರಮಿರ ಮಿಂಚಿತು. ಧರ್ಮೇಂದ್ರ ಹಿಂದಿನ ಬಾಗಿಲು ತೆಗೆದು, ಅಂಗೈಯಿಂದ ಹೊಲಿಗೆ ಸವರಿದ. ಅವನ ಕಣ್ಣು ತುಂಬಿತ್ತು.

"ತಾತ ಇದ್ದಿದ್ರೆ ಎಷ್ಟು ಖುಷಿ ಪಡೋರು... ಅವರು ಹೋಗಿ ವರ್ಷ ತುಂಬ್ತು ಕಣ್ರೀ. ಅವತ್ತು ನಿಮ್ಮನೇಲಿ ಕೂತಿದ್ದಾಗಲೇ ಫೋನ್ ಬಂತಲ್ಲ..."

"ಏನಂದ್ರಿ?" ಪವಿತ್ರಾ ಬೆಚ್ಚಿದಳು. "ಅವತ್ತಾ?"

"ಊಂ. ತಟ್ಟೆಗೆ ಕೈ ಹಾಕಬೇಕು, ಅಷ್ಟರಲ್ಲಿ ಮಂಚಯ್ಯ ತಾತ ಹೋದ್ರು ಅಂತ ಫೋನು. ಸೂತಕದ ಬಾಯಿಗೆ ಸಿಹಿ ಎಂಗೆ ಇಟ್ಕಳೋದು? ಅರಿಶಿನ ಕುಂಕುಮ ಇಟ್ಟಿರೋ ಮನೇಲಿ ಸಾವಿನ ಮಾತೆತ್ತಿದ್ರೆ ಹೆಣ್ಣಿಗೆ ಒಳ್ಳೇದಲ್ಲ ಅಂತ ಅವ್ವ ನನ್ನ ಕೈ ಹಿಡಿದು ಎಬ್ಬಿಸ್ಕೊಂಡು ಬಂದ್ಲು. ವರ್ಷ ಕಳೆದ ಮೇಲೆ ಬತ್ತೀವಿ ಅಂತ ದಲ್ಲಾಳಿ ಕೈಲಿ ಹೇಳಿ ಕಳಿಸಿದ್ವಿ."

"ಅವನು... ನನ್ನ ಕೈ ಒರಟು, ಬೇಡ ಅಂದ್ರಿ ಅಂದ!"

"ಅಯ್ಯೋ ಪಾಪಿ! ನಮ್ಮತ್ರ ಬಂದು, ಅವರು ವರ್ಷ ಕಾಯಲ್ವಂತೆ ಅಂದ. ಆಮೇಲೆ ದಲ್ಲಾಳಿ ದುಡ್ಡಿನ ಆಸೆಗೆ ಬೇರೆ ಹೆಣ್ಣು ತೋರಿಸ್ತೀನಿ ಅಂತ ಸುತ್ತಿದ. ನಾನು ಒಪ್ಪಲಿಲ್ಲ." ಅವನು ಮತ್ತೆ ಹೊಲಿಗೆ ಸವರಿದ. "ನಿಮಗಿನ್ನೂ ಮದುವೆ ಆಗಿಲ್ಲ ಅಂತ ಮೊನ್ನೆ ಗೊತ್ತಾಯ್ತು. ಬಾಯಿಬಿಟ್ಟು ಕೇಳೇ ಬುಡವಾ ಅಂತ ಬಂದ್ರೆ, ಯಾರು ನೀವು ಅಂದ್ಬುಟ್ರಿ. ಇನ್ನೇನು ಕೇಳಲಿ? ನಾರು ಬಿಡಿಸ್ತಾ ಕೂತೆ."

"ಮತ್ತೆ... ಮದುವೆ ಅಂದ್ರಲ್ಲ?"

"ನೀವು ಒಪ್ಪಿದ್ರೆ."

ಪವಿತ್ರಾ ವರ್ಷವಿಡೀ ಸಾಕಿದ ಸಿಟ್ಟು ಕ್ಷಣದಲ್ಲಿ ಕರಗಿ ನಾಚಿಕೆಯಾಯಿತು. ತಾತನ ಸಾವನ್ನು ಹೊಟ್ಟೆಯಲ್ಲಿಟ್ಟುಕೊಂಡು ತನಗೆ ಒಳ್ಳೆಯದಾಗಲಿ ಎಂದು ಸುಮ್ಮನೆ ಎದ್ದು ಹೋದವನಿಗೆ, ತಾನು ಮಾಡಿಟ್ಟಿರುವುದೇನು?

ಅವನು ಕಣ್ಣೊರೆಸಿಕೊಂಡ. "ಈಗಲೇ ಉತ್ತರ ಬೇಡ ಬುಡಿ. ಒಂದ್ಸಲ ಕೂತು ನೋಡ್ತೀನಿ..."

"ಕೂರಬೇಡಿ!"

ಚೀರಿದವಳೇ ಅವನ ತೋಳು ಹಿಡಿದು ಹೊರಗೆ ಎಳೆದಳು. ಬ್ಲೇಡು ತಂದು, ತಾನೇ ಹೊಲಿದ ಹೊಸ ಸೀಟನ್ನು ಈ ತುದಿಯಿಂದ ಆ ತುದಿಗೆ ಸರ್ರನೆ ಸೀಳಿದಳು.

"ಅಯ್ಯೋ! ಏನ್ರೀ ಇದು!"

"ಸ್ಪ್ರಿಂಗ್ ಕಟ್ಟಿಲ್ಲ. ಬೇಕಂತಲೇ ಕಟ್ಟಿಲ್ಲ. ದಿಬ್ಬಣದ ದಿನ ನಿಮಗೆ ಚುಚ್ಚಲಿ, ಮರ್ಯಾದೆ ಹೋಗಲಿ ಅಂತ..." ಅವಳು ಬಿಕ್ಕಿದಳು. "ನಾನು ಇಂಥವಳು. ಇನ್ನೊಂದು ಸೀಟು ಮಾಡಿ ಕಳಿಸ್ತೀನಿ. ನೀವು ಬೇರೆ ಹುಡುಗಿ ನೋಡ್ಕಳಿ."

ಅವನು ಬಗ್ಗಿ, ಸೀಳಿದ ಸೀಟಿನೊಳಗೆ ನೋಡಿದ.

"ಬಲಗಡೇದು ನಂಗೆ, ಸರಿ. ಎಡಗಡೇದನ್ನ ಯಾಕೆ ಬಿಟ್ರಿ?"

"ಅದು... ಅವಳಿಗೆ. ಆ ಹುಣಸೂರಿನವಳಿಗೆ."

ಧರ್ಮೇಂದ್ರ ಗಹಗಹಿಸಿ ನಕ್ಕ. "ಅವಳಿಗೆ ಅಂದ್ರೆ ನಿಮಗೇ ಕಣ್ರೀ! ನಾನು ಅಷ್ಟು ಬಿಡಿಸಿ ಹೇಳಿದೆ, ಬಾಯಿ ಜೋರು ಅಂತ!"

ಅಳುವಿನ ನಡುವೆಯೇ ಅವಳಿಗೂ ನಗು ಬಂತು. "ನನ್ನ ಮೇಲೆ ಸಿಟ್ಟು ಬರಲಿಲ್ವಾ?"

"ಬಂತು. ಆದ್ರೆ ವರ್ಷವಿಡೀ ಸಿಟ್ಟು ಇಟ್ಕಂಡಾದ್ರೂ ನನ್ನ ಮರೀಲಿಲ್ವಲ್ಲ, ಅದು ಸಾಕು. ಸೇಡು ತೀರಲಿಲ್ಲ ಅಂದ್ರೆ, ಮುಂದಿನ ಸೀಟಲ್ಲಿ ಒಂದು ಸ್ಪ್ರಿಂಗ್ ಕಟ್ಟದೆ ಬುಡಿ. ದಿಬ್ಬಣದಲ್ಲಿ ವೀರಭದ್ರಸ್ವಾಮೀನ ಅಲ್ಲೇ ಕೂರಿಸವಾ."

"ಖಂಡಿತ ಬಿಡ್ತೀನಿ!"

ಅವಳು ಹುರಿ ತಂದಳು. ಅವನು ತೋಳು ಮಡಚಿ, ತರಚಿದ ಅಂಗೈಯಿಂದ ಎಡಗಡೆಯ ಸ್ಪ್ರಿಂಗನ್ನು ಬಲವಾಗಿ ಅದುಮಿ ಹಿಡಿದ. ಅವನ ಬೆರಳುಗಳ ಸುತ್ತಲೇ ಅವಳ ಕೈ ಓಡಾಡಬೇಕಿತ್ತು.

"ಒರಟು ಕೈ..." ಪವಿತ್ರಾ ಪಿಸುಗುಟ್ಟಿದಳು.

"ನಂದೂ ಒರಟೇ ಕಣೇ, ಪವಿ. ಕಟ್ಟು."

"ಗಟ್ಟಿಯಾಗಿ ಹಿಡ್ಕಳಿ. ಕಟ್ಟಿ ಮುಗಿಯೋ ಮುಂಚೆ ಬಿಟ್ಬಿಟ್ರೆ ನನಗೇ ಬಡಿಯೋದು."

"ಬುಡಾಕಿಲ್ಲ."