ಏಳು ನಿಮಿಷ ಹಿಂದಿನ ಬಿಸಿ

ಅವಳ ಮೇಜಿನಿಂದ ಬ್ಯಾಟರಿ ಕೋಣೆಯೊಳಗೆ ನೋಡಲು ಕಿಟಕಿ ಇರಲಿಲ್ಲ. ಕಬ್ಬಿಣದ ಬಾಗಿಲು, ಒಳಗಿನವರೊಡನೆ ಮಾತಾಡಲು ಒಂದು ಸ್ಪೀಕರ್, ಕಂಪ್ಯೂಟರಿನ ಪರದೆ, ಇಷ್ಟೇ ಇದ್ದದ್ದು.

ಒಳಗೆ ಹನ್ನೆರಡು ಸೆಲ್‌ಗಳು ಚಾರ್ಜ್ ಆಗುತ್ತಿದ್ದವು. ಅವುಗಳ ಬಿಸಿಯನ್ನು ಒಂದು ಪುಟ್ಟ ಮೈಕ್ರೋಕಂಟ್ರೋಲರ್ ಸೆಕೆಂಡಿಗೆ ಹತ್ತು ಸಲ ಅಳೆದು ಅವಳ ಕಂಪ್ಯೂಟರಿನ ಸೀರಿಯಲ್ ಪೋರ್ಟಿಗೆ ಸಾಲು ಸಾಲಾಗಿ ಕಳಿಸುತ್ತಿತ್ತು. ಅದನ್ನು ಓದುವ ಪ್ರೋಗ್ರಾಂ ಅವಳದು. ಅವಳು ಕೋಡನ್ನು ಅಕ್ಷರಗಳಲ್ಲಿ ಬರೆಯುತ್ತಿರಲಿಲ್ಲ; ಪರದೆಯ ಮೇಲೆ ಡಬ್ಬಿಗಳನ್ನಿಟ್ಟು, ಮೌಸಿನಿಂದ ಗೆರೆ ಎಳೆದು ಜೋಡಿಸುತ್ತಿದ್ದಳು. ಪೋರ್ಟ್ ತೆರೆಯುವ ಡಬ್ಬಿ, ಓದುವ ಡಬ್ಬಿ, ಕೊನೆಗೆ ಗ್ರಾಫ್.

ಆ ಮೈಕ್ರೋಕಂಟ್ರೋಲರಿನ ಬೋರ್ಡ್ ಮಾಡಿದವನು ಟೆಕ್ನಿಷಿಯನ್. ಕೆಲಸಕ್ಕೆ ಸೇರಿದ ಮೊದಲ ದಿನವೇ ಕರೆಂಟ್ ಹೊಡೆಸಿಕೊಂಡದ್ದರಿಂದ ಎಲ್ಲರೂ ಅವನನ್ನು ಶಾಕ್ ಎಂದೇ ಕರೆಯುತ್ತಿದ್ದರು.

ಹಿಂದಿನ ದಿನ ಅವನು ಅವಳ ಕುರ್ಚಿಯ ಹಿಂದೆ ಬಗ್ಗಿ ಪರದೆ ನೋಡಿದ್ದ. ಅವನ ಉಸಿರು ಕಿವಿಗೆ ತಾಗಿ, ಅವಳು ಎಳೆಯುತ್ತಿದ್ದ ಗೆರೆ ಎಲ್ಲೋ ಹೋಗಿತ್ತು.

"ಏನ್ ಮೇಡಂ, ನಿಮ್ಮ ನಂಬರ್‌ಗಳು ಹೀಗೆ ಕುಣೀತಾವೆ? ಒಂದೂ ಓದೋಕಾಗಲ್ಲ."

"ನೀನು ನೋಡ್ತಿರೋದು ನಂಬರನ್ನೋ, ಇನ್ನೇನನ್ನೋ?"

"ಎರಡನ್ನೂ. ನಂಬರ್ ಮಾತ್ರ ಒಂದು ಕಡೆ ನಿಲ್ತಿಲ್ಲ."

ಅವನು ಹೋದ ಮೇಲೆ ಅವಳು ಒಂದು ಸೆಕೆಂಡ್ ಕಾಯುವ ಡಬ್ಬಿಯೊಂದನ್ನು ಸೇರಿಸಿದಳು. ಈಗ ಸಂಖ್ಯೆ ಸೆಕೆಂಡಿಗೊಮ್ಮೆ ಮಾತ್ರ, ಗಂಭೀರವಾಗಿ ಬದಲಾಗುತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ. ಅವನಿಗೆ ಅವಳು ಕೊಟ್ಟ ಮೊದಲ ಉಡುಗೊರೆ ಅದು.

ನಲವತ್ತು ಡಿಗ್ರಿ ದಾಟಿದರೆ ಕೋಣೆಗೆ ಕಾಲಿಡಬಾರದೆಂಬುದು ನಿಯಮ.

"ಒಂದು ವೈರ್ ಸಡಿಲ ಆಗಿದೆ. ಹೋಗ್ಲಾ?" ಎಂದು ಮರುದಿನ ಅವನು ಬಾಗಿಲ ಬಳಿ ನಿಂತು ಕೇಳಿದ.

"ಮೂವತ್ತಾರು. ಹೋಗು."

ಬಾಗಿಲು ಮುಚ್ಚಿತು. ಸ್ಪೀಕರಿನಲ್ಲಿ ಅವನ ದನಿ ಬಂತು: "ಇಲ್ಲೇನೋ ಸೆಕೆ ಜಾಸ್ತಿ ಇದೆಯಲ್ಲ. ಹೊರಗೆ ನನ್ನನ್ನ ಯಾರಾದ್ರೂ ನೆನೆಸ್ಕೋತಿದ್ದಾರಾ?"

ನಗಬೇಕೆನ್ನುವಷ್ಟರಲ್ಲಿ ಅವಳ ಕಣ್ಣು ಪರದೆಯ ಮೂಲೆಗೆ ಹೋಯಿತು. ಪೋರ್ಟಿನಲ್ಲಿ ಓದದೆ ಉಳಿದ ಬೈಟ್‌ಗಳ ಲೆಕ್ಕ ಅಲ್ಲಿತ್ತು. ಸೊನ್ನೆಯ ಆಸುಪಾಸಿನಲ್ಲಿರಬೇಕಾದದ್ದು ನಾಲ್ಕು ಸಾವಿರದ ತೊಂಬತ್ತಾರು ಆಗಿತ್ತು.

ಅವಳಿಗೆ ಹೊಳೆಯಿತು. ಬೋರ್ಡ್ ಹತ್ತು ಸಾಲು ಕಳಿಸುವಷ್ಟರಲ್ಲಿ ತನ್ನ ಪ್ರೋಗ್ರಾಂ ಒಂದನ್ನು ಮಾತ್ರ ಓದುತ್ತಿದೆ. ಉಳಿದವು, ನಾನೂರಕ್ಕೂ ಹೆಚ್ಚು, ಹಿಂದೆ ಸಾಲುಗಟ್ಟಿ ನಿಂತಿವೆ; ಒಂದೊಂದಕ್ಕೂ ಒಂದು ಸೆಕೆಂಡ್. ಮೂವತ್ತಾರು ಈಗಿನದಲ್ಲ. ಏಳು ನಿಮಿಷ ಹಿಂದಿನದು.

ಕಾಯುವ ಡಬ್ಬಿಯಲ್ಲಿ ಸೊನ್ನೆ ಒತ್ತಲು ಹೋದಳು. ಬೆರಳು ಎರಡು ಸಲ ತಪ್ಪಿತು. ಮೂರನೆಯ ಸಲ ಗ್ರಾಫ್ ನೆಟ್ಟಗೆ ಮೇಲೆದ್ದಿತು. ನಲವತ್ತೊಂದು. ಐವತ್ತೆಂಟು. ಎಪ್ಪತ್ತೊಂಬತ್ತು.

"ಹೊರಗೆ ಬಾ!"

"ಇರಿ ಮೇಡಂ, ಒಂದೇ ಸ್ಕ್ರೂ..."

"ನಿನ್ನ ಸ್ಕ್ರೂ ಹಾಳಾಗ್ಲಿ! ಬಾರೋ!"

ಒಳಗೆ ಸೆಲ್ ಒಂದು ಟಪ್ ಎಂದು ಸಿಡಿಯಿತು. ಸ್ಪೀಕರ್ ಸತ್ತಿತು. ಅವಳು ಮೇನ್ ಸ್ವಿಚ್ ಎಳೆದು ಬಾಗಿಲಿಗೆ ಓಡಿದಳು. ಬಾಗಿಲ ಸಂದಿಯಿಂದ ಹೊಗೆ ಬರುತ್ತಿತ್ತು. ಹಿಡಿಕೆ ತಿರುಗಿಸಿದೊಡನೆ ಅವನು ಅವಳ ಮೈಮೇಲೆಯೇ ಬಿದ್ದ, ಕೆಮ್ಮುತ್ತಾ.

ಆಸ್ಪತ್ರೆಯ ಕಾರಿಡಾರಿನಲ್ಲಿ ಅವನ ಅಕ್ಕ ಕೂತಿದ್ದಳು. "ನೀನೇನಾ ಅವಳು? ಮೂರು ತಿಂಗಳಿಂದ ಊಟಕ್ಕೆ ಕೂತ್ರೆ ನಿನ್ನದೇ ಪುರಾಣ. ಕೇಳಿ ಕೇಳಿ ನನ್ನ ಕಿವಿ ತೂತಾಯ್ತು. ಒಳಗೆ ಹೋಗು."

ಅವಳು ಒಳಗೆ ಹೋಗಿ, ಬಲಗೈಗೆ ಬ್ಯಾಂಡೇಜ್ ಸುತ್ತಿಸಿಕೊಂಡು ಮಲಗಿದ್ದ ಅವನ ಮಂಚದ ಬಳಿ ನಿಂತಳು.

"ತಪ್ಪು ನಂದು," ಎಂದಳು. "ನಿನ್ನ ಕಣ್ಣಿಗೆ ಹಿತ ಆಗ್ಲಿ ಅಂತ ನಿಧಾನ ಮಾಡಿದೆ. ಮಾಡಿದ್ದನ್ನ ಹೇಳಲಿಲ್ಲ. ನೀನು ಇಷ್ಟ ಅಂತಲೂ ಹೇಳಲಿಲ್ಲ."

ಅವನು ಫ್ಯಾನಿನಿಂದ ಕಣ್ಣು ತಿರುಗಿಸಿ ಅವಳನ್ನು ನೋಡಿದ.

"ಸಿಟ್ಟಿದೆ. ನೀನಂದೆ ಅಂತ ಹಿಂದೆ ಮುಂದೆ ನೋಡದೆ ನುಗ್ಗಿದೆ."

"ನಾನು ಹೊರಡ್ತೀನಿ."

"ಸಿಟ್ಟಿದೆ ಅಂದೆ. ಹೊರಡು ಅನ್ನಲಿಲ್ಲ. ನೀರು ಕುಡಿಸು, ಈ ಕೈಲಿ ಲೋಟ ಹಿಡಿಯೋಕಾಗಲ್ಲ."

ಅವಳು ಲೋಟ ಬಗ್ಗಿಸಿದ ರಭಸಕ್ಕೆ ಅರ್ಧ ನೀರು ಅವನ ಎದೆಯ ಮೇಲೆ ಚೆಲ್ಲಿತು. ಅವನು ಉಳಿದರ್ಧ ಕುಡಿದ.

ಹೋದದ್ದು ಇಷ್ಟು: ಹನ್ನೆರಡು ಸೆಲ್, ಒಂದು ಬೋರ್ಡ್, ಒಂದು ಸ್ಪೀಕರ್, ಅವನ ಬಲಗೈಯ ಎರಡು ಬೆರಳಿನ ತುದಿ.